ಐದನೇ ಗುಂಪನ್ನು ಕರೆದವನು ನಾನೇ

೧.

ಈ ಕಥೆಯನ್ನು ಮುಂದಿನ ಬಾಗಿಲಿನಿಂದ ಹತ್ತಬೇಕೋ ಹಿಂದಿನ ಬಾಗಿಲಿನಿಂದಲೋ ತಿಳಿಯದೆ ಮೂರು ವಾರದಿಂದ ಏಣಿ ಹೊತ್ತುಕೊಂಡು ಅದರ ಸುತ್ತ ತಿರುಗುತ್ತಿದ್ದೇನೆ.

ಮೊದಲ ಕರಡು ಹೀಗೆ ಶುರುವಾಗಿತ್ತು: ‘ವಿಮಾನದ ಗೇಟಿನ ಮುಂದೆ ಮನುಷ್ಯನ ನಿಜಬಣ್ಣ ಬಯಲಾಗುತ್ತದೆ.’ ಮನೆಯವಳಿಗೆ ಓದಿ ಹೇಳಿದೆ. ಅವಳದು ಪುಸ್ತಕಗಳ ಕರಡು ತಿದ್ದುವ ಕೆಲಸ. ದಿನಕ್ಕೆ ಎಂಟು ಗಂಟೆ ಬೇರೆಯವರ ತಪ್ಪಿನ ಮೇಲೆ ಕೆಂಪು ಪೆನ್ನು ಆಡಿಸಿ ಬಂದರೂ ಮನೆಯಲ್ಲಿ ಕೈ ಸುಮ್ಮನಿರುವುದಿಲ್ಲ.

“ಯಾರ ಬಣ್ಣ?” ಎಂದಳು.

“ಮನುಷ್ಯನದು.”

“ಯಾವ ಮನುಷ್ಯ? ಅವತ್ತು ಅಲ್ಲಿ ಬಣ್ಣ ಬಯಲಾಗಿದ್ದು ಒಬ್ಬರದೇ ರೀ. ಅವರು ಈಗ ನನ್ನೆದುರಿಗೆ ಕೂತು ಓದ್ತಿದಾರೆ.”

ಆ ಕರಡು ಕಸದ ಬುಟ್ಟಿ ಸೇರಿತು. ಎರಡನೆಯದನ್ನು ‘ಧನ್ಯವಾದಗಳು’ ಎಂದೇ ಆರಂಭಿಸಿದೆ. ಓದಿದರೆ ಕಥೆಯ ಹಾಗಿರಲಿಲ್ಲ. ಸಮಾರಂಭದ ಕೊನೆಗೆ ವಂದನಾರ್ಪಣೆಯವರು ಮೈಕು ಹಿಡಿದ ಹಾಗಿತ್ತು. ಸಭಿಕರು ಆಗಲೇ ಎದ್ದು ಊಟದ ಕಡೆ ಹೊರಟಿದ್ದರು.

ಆದರೆ ಓದುಗರೇ, ಮುಚ್ಚುಮರೆ ಯಾಕೆ, ಇದು ವಂದನಾರ್ಪಣೆಯೇ. ಮೂವರಿಗೆ ಸಲ್ಲಬೇಕು. ಮೂವರ ಹೆಸರೂ ನನಗೆ ಗೊತ್ತಿಲ್ಲ. ಅವರಲ್ಲಿ ಒಬ್ಬರು ಸಾಲು ಮುರಿದು ನುಗ್ಗಿದ ಆಸಾಮಿ. ಅವರನ್ನು ಬೈಯುವಂತಿಲ್ಲ; ಬರೆಯುವವನಾಗಿ ನಾನೂ ದಿನಕ್ಕೆ ನಲವತ್ತು ಸಾಲು ಮುರಿಯುತ್ತೇನೆ.

(ಸುಳ್ಳು. ದಿನಕ್ಕೆ ನಾಲ್ಕು. –ಮ.)

(ಹೀಗೆ ಆವರಣದ ಕೊನೆಗೆ ‘ಮ’ ಕಂಡರೆ ಅದು ಮನೆಯವಳ ಕೆಂಪು ಪೆನ್ನು. ಅಳಿಸಲು ನೋಡಿದೆ. ಆಗಲಿಲ್ಲ.)

೨.

ಗೇಟು ನಂಬರ್ ಏಳು. ಮಧ್ಯಾಹ್ನ ಎರಡೂ ಕಾಲು. ಬೂದು ಬಣ್ಣದ ಕಾರ್ಪೆಟ್ಟು, ಕಂಬದಿಂದ ಕಂಬಕ್ಕೆ ಎಳೆದ ನೀಲಿ ಪಟ್ಟಿ, ಚಾರ್ಜರ್ ಚುಚ್ಚುವ ಗೋಡೆಯ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ದೊಡ್ಡ ಮನುಷ್ಯರು. ಗಾಜಿನ ಆಚೆ ನಮ್ಮ ವಿಮಾನ ಬಾಯಿ ತೆರೆದು ನಿಂತಿದೆ.

ವಿಮಾನ ಹತ್ತದವರಿಗೆ ನಿಯಮ ಹೇಳಿಬಿಡುತ್ತೇನೆ. ಬೋರ್ಡಿಂಗ್ ಪಾಸಿನ ಮೇಲೆ ಒಂದರಿಂದ ಐದರವರೆಗೆ ಗುಂಪಿನ ಅಂಕಿ ಇರುತ್ತದೆ. ಒಂದನೆಯವರು ಮೊದಲು, ಐದನೆಯವರು ಕೊನೆಗೆ. ಸೀಟು ಎಲ್ಲರಿಗೂ ನಿಗದಿ. ಮೊದಲು ಹತ್ತಿದವರು ಮೊದಲು ಊರು ಸೇರುವುದಿಲ್ಲ. ಆದರೂ ಜನ ಬೆಲ್ಲಕ್ಕೆ ಇರುವೆಯಂತೆ ಮುತ್ತುವುದು ತಲೆಯ ಮೇಲಿನ ಗೂಡಿಗಾಗಿ. ಕೈಚೀಲ ಇಡುವ ಆ ಗೂಡುಗಳು ಎಲ್ಲರಿಗೂ ಸಾಲುವುದಿಲ್ಲ. ತುಂಬಿದ ಮೇಲೆ ಬಂದವರ ಚೀಲಕ್ಕೆ ಗೇಟಿನಲ್ಲೇ ಹಳದಿ ಟ್ಯಾಗು ಕಟ್ಟಿ ವಿಮಾನದ ಹೊಟ್ಟೆಗೆ ಎಸೆಯುತ್ತಾರೆ. (‘ಎಸೆಯುತ್ತಾರೆ’ ಅಲ್ಲ, ‘ಇಡುತ್ತಾರೆ’ ಎಂಬುದು ವಿಮಾನದವರ ಪಾಠಾಂತರ. ಕಿಟಕಿ ಸೀಟಿನಲ್ಲಿ ಕೂತು ನೋಡಿದವರು ತೀರ್ಮಾನಿಸಲಿ.)

ಗೇಟಿನಲ್ಲಿ ಒಬ್ಬ ಮೇಡಂ. ಮುಂದೆ ಪಾಸು ಓದುವ ಯಂತ್ರ. ನಿಮ್ಮ ಸರದಿಯಾದರೆ ಅದು ‘ಟಿಣ್’ ಎನ್ನುತ್ತದೆ. ಸರದಿ ತಪ್ಪಿ ಬಂದಿದ್ದರೆ, ಹಸಿದ ಹೊಟ್ಟೆಯ ಹಾಗೆ ‘ಡುರ್ರ್’. ಡುರ್ರ್ ಎಂದ ಪಾಸಿಗೆ ಮೇಡಂ ಪೆನ್ನಿನಿಂದ ಅಡ್ಡಗೀಟು ಎಳೆಯುತ್ತಾರೆ. ಗೀಟು ಬಿದ್ದವರು, ಉಳಿದವರೆಲ್ಲ ಹತ್ತಿದ ಮೇಲೆ ಹತ್ತಬೇಕು. ಹೊಸ ನಿಯಮವಂತೆ, ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಅಂಟಿಸಿದ್ದರು. ಪಕ್ಕದಲ್ಲೇ ಅವರ ಮೇಲಿನವರು, ಟೈ ಕಟ್ಟಿದ ಸೂಪರ್‌ವೈಸರ್, ಕೈಕಟ್ಟಿ ನಿಂತಿದ್ದರು.

ನಾವಿಬ್ಬರೂ ಎರಡನೇ ಗುಂಪು. ಸಾಲಿನಲ್ಲಿ ನಿಂತು ಮಾಡಲು ಕೆಲಸವಿಲ್ಲ. ನನಗೋ ಕಾಲೇಜಿನ ದಿನಗಳಿಂದ ಮಿಮಿಕ್ರಿಯ ಹುಚ್ಚು. ಪ್ರಾಂಶುಪಾಲರ ದನಿಯಲ್ಲಿ ‘ಇವತ್ತು ಮಧ್ಯಾಹ್ನ ತರಗತಿ ಇಲ್ಲ’ ಎಂದು ಸಾರಿ, ಸ್ವತಃ ಪ್ರಾಂಶುಪಾಲರೇ ಮನೆಗೆ ಹೋಗುವಂತೆ ಮಾಡಿದ ಕೀರ್ತಿ ನನ್ನದು. (ಹೋಗಿದ್ದು ಗುಮಾಸ್ತರು ಮಾತ್ರ. –ಮ.) ಸಾಲು ಮುರಿಯುವವರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಮನೆಯವಳ ಕಿವಿಯಲ್ಲಿ ನಟಿಸತೊಡಗಿದೆ.

ಒಬ್ಬರು ‘ಬರೀ ಕೇಳ್ತೀನಿ’ ಪಂಗಡ. “ಒಂದು ನಿಮಿಷ, ಬರೀ ಕೇಳ್ತೀನಿ ಅಷ್ಟೆ” ಎಂದು ಮುಂದೆ ಹೋಗುತ್ತಾರೆ, ಏನೋ ಕೇಳುತ್ತಾರೆ, ಹಿಂದಿರುಗುವುದಿಲ್ಲ. ಇನ್ನೊಬ್ಬರು ಫೋನಿನವರು: “ಹಾಂ ಹೇಳು... ಇಲ್ಲ ಇಲ್ಲ, ಹೇಳು...” ಒಂದೊಂದು ‘ಹೇಳು’ವಿಗೂ ಒಂದೊಂದು ಹೆಜ್ಜೆ, ಹನ್ನೆರಡು ‘ಹೇಳು’ ಮುಗಿಯುವಾಗ ಗೇಟು. ಆಮೇಲೆ ಮೊಳಕೆ ಕುಟುಂಬ. ಸಾಲಿನಲ್ಲಿ ನೆಟ್ಟಿದ್ದು ಒಬ್ಬ ಮಾವ. ಹೊತ್ತಿಗೆ ಸರಿಯಾಗಿ ಅತ್ತೆ, ನಾದಿನಿ, ಮೂರು ಮಕ್ಕಳು ಚಿಗುರುತ್ತಾರೆ.

ಎಲ್ಲರಿಗಿಂತ ಮಿಗಿಲಾದವರು ಒಬ್ಬ ಭಾರೀ ಆಳು. ತೋಳಿನ ಮೇಲೆ ಕೋಟು. ನಮಗಿಂತ ಕಾಲು ಗಂಟೆ ತಡವಾಗಿ ಬಂದವರು, “ಸ್ವಲ್ಪ... ಸ್ವಲ್ಪ...” ಎನ್ನುತ್ತ ಮೊಣಕೈಯನ್ನು ದೋಣಿಯ ಮೂತಿಯ ಹಾಗೆ ಮುಂದೆ ಚಾಚಿ, ಎರಡನೇ ಗುಂಪನ್ನೆಲ್ಲ ಸೀಳಿ ಅದರ ಮುಂತುದಿಯಲ್ಲಿ ನಿಂತರು. ಅವರಿಗೆ ‘ಮೊಣಕೈ’ ಎಂದು ಹೆಸರಿಟ್ಟೆ. ಮನೆಯವಳು ಕಿಸಕ್ಕನೆ ನಕ್ಕಳು.

ಅವಳು ನಕ್ಕಿದ್ದೇ ತಪ್ಪಾಯಿತು.

(ನನ್ನ ತಲೆಗೆ ಕಟ್ಟಬೇಡಿ. –ಮ.)

೫.

ಕ್ಷಮಿಸಿ, ಇಲ್ಲಿ ಮೂರು ಬರಬೇಕಿತ್ತು. ಯಾರೋ ಮುಂದೆ ಬಂದುಬಿಟ್ಟಿದ್ದಾರೆ.

“ನಾನು ಎಷ್ಟು ಹೊತ್ತಿಗೆ ಬರಬೇಕು?”

ನಲವತ್ತೈದರ ಆಸುಪಾಸಿನ ಹೆಂಗಸು, ಎದೆಗೆ ಒತ್ತಿ ಹಿಡಿದ ಬಿಳಿ ರಟ್ಟಿನ ಡಬ್ಬಿ. ಈ ಕಥೆ ಯಾರಿಂದ ಆಯಿತೋ ಅವರು ಇವರೇ. ನಾನು ಇವರನ್ನು ‘ಹೂವಿನಾಕೆ’ ಎಂದು ಕರೆಯುತ್ತೇನೆ.

“ನಿಮ್ಮದು ಐದನೇ ಭಾಗ ಮೇಡಂ. ಇನ್ನೂ ಎರಡಿದೆ.”

“ಅವತ್ತೂ ಹೀಗೇ ಆಯ್ತಲ್ಲ. ಇರಲಿ ಬಿಡಿ, ಬಂದಿದೀನಿ, ಒಂದು ಮಾತು ಹೇಳಿ ಹೋಗ್ತೀನಿ. ಡಬ್ಬೀಲಿ ಏನಿದೆ ಅಂತ ಓದೋರಿಗೆ ಈಗಲೇ ಹೇಳ್ಬಿಡಿ. ಕೊನೇವರೆಗೂ ಮುಚ್ಚಿಟ್ಕೊಂಡು ಆಟ ಆಡ್ಸಬೇಡಿ.”

ಹೇಳುತ್ತೇನೆ. ಡಬ್ಬಿಯಲ್ಲಿರುವುದು ಸಕ್ಕರೆ ಹೂವು. ಈಕೆ ಒಂದು ಕೇಕ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಕ್ಕರೆ ಹಿಟ್ಟು ಲಟ್ಟಿಸಿ, ಎಸಳು ಎಸಳಾಗಿ ಕತ್ತರಿಸಿ, ಬೆರಳ ತುದಿಯಲ್ಲಿ ಅಂಚು ತೆಳ್ಳಗೆ ಮಾಡಿ, ಸಣ್ಣ ತಂತಿಗೆ ಸುತ್ತಿ ಹೂವು ಮಾಡುವವರು. ಡಬ್ಬಿಯಲ್ಲಿ ಇಪ್ಪತ್ತಾರು ಹೂವು, ಹನ್ನೊಂದು ದಿನದ ಕೆಲಸ. ಗಾಜಿನ ಬಳೆಗಿಂತ ಬೇಗ ಒಡೆಯುತ್ತವೆ. ಕೆಳಗೆ ಹೋದರೆ ಅಲ್ಲಿ ಇಳಿಯುವುದು ಇಪ್ಪತ್ತಾರು ತಂತಿ, ಒಂದು ಹಿಡಿ ಪುಡಿ.

ಹೂವು ಮರುದಿನ ಬೆಳಿಗ್ಗೆಯ ಮದುವೆಯ ಕೇಕಿಗೆ. ಮದುವೆ ಇವರ ತಂಗಿಯದು. ಅಕ್ಕ ತಂಗಿಯರ ನಡುವೆ ಆರು ವರ್ಷದಿಂದ ಮಾತಿಲ್ಲ. ತಿಂಗಳ ಹಿಂದೆ ತಂಗಿಯಿಂದ ಒಂದೇ ಸಾಲಿನ ಮೆಸೇಜು: ‘ಕೇಕ್ ಇಲ್ಲೇ ಮಾಡಿಸ್ತೀನಿ. ಹೂವು ನೀನು ಮಾಡ್ತೀಯಾ?’

“ಮಾತು ಬಿಟ್ಟಿದ್ದು ಯಾಕೆ?” ಎಂದು ಕೇಳಿದೆ.

“ಅದು ನಿಮಗ್ಯಾಕೆ?”

“ಓದುಗರು ಕೇಳ್ತಾರೆ.”

“ಓದೋರು ನಿಮ್ಮ ಹಾಗಲ್ಲ. ಅವರಿಗೆ ಸಂಕೋಚ ಇರುತ್ತೆ.”

ಇಷ್ಟು ಹೇಳಿ ಹಿಂದಕ್ಕೆ ಹೋದರು. ಐದಕ್ಕೆ ಮತ್ತೆ ಬರುತ್ತಾರೆ.

೩.

ಗೇಟಿನಲ್ಲಿ ಒಂದನೇ ಗುಂಪು ಹತ್ತುತ್ತಿತ್ತು. ಮೇಡಂ ಆಗಾಗ ಮೈಕು ಎತ್ತಿ ಹೇಳುತ್ತಿದ್ದರು: “ಪ್ರಯಾಣಿಕರ ಗಮನಕ್ಕೆ. ದಯವಿಟ್ಟು ನಿಮ್ಮ ಗುಂಪನ್ನು ಕರೆಯುವವರೆಗೆ ಕುಳಿತಿರಿ.” ‘ಪ್ರಯಾಣಿಕರ’ ಎಂಬಲ್ಲಿ ದನಿ ಏರಿ ‘ಕುಳಿತಿರಿ’ಯಲ್ಲಿ ಕೂತುಬಿಡುತ್ತಿತ್ತು. ಎರಡು ಸಲ ಕೇಳಿದ್ದೇ ನನ್ನ ಗಂಟಲಲ್ಲಿ ತುರಿಕೆ.

ಕಂಬದ ಪಕ್ಕ, ಸಾಲಿನ ಹೊರಗೆ, ಗೇಟಿಗೆ ಮೂರೇ ಹೆಜ್ಜೆ ದೂರದಲ್ಲಿ ಬಿಳಿ ಡಬ್ಬಿಯ ಹೆಂಗಸು ನಿಂತಿದ್ದರು. ಪಾಸಿನ ಮೇಲೆ ‘೫’ ಕಾಣುತ್ತಿತ್ತು. ಇನ್ನೂ ನಾಲ್ಕಾರು ಐದನೆಯವರು ಅಲ್ಲೇ ಸುಳಿದಾಡುತ್ತಿದ್ದರು. ನನಗೆ ಧರ್ಮಕೋಪ ಬಂತು. ಎರಡನೇ ಗುಂಪಿನವನಿಗೆ ಐದನೆಯವರ ಮೇಲೆ ಬರುವ ಕೋಪಕ್ಕೆ ಧರ್ಮಕೋಪ ಎನ್ನುತ್ತಾರೆ.

“ನೋಡು, ಇವರಿಗೆ ಒಂದು ಪಾಠ ಕಲಿಸ್ತೀನಿ,” ಎಂದೆ.

“ಬೇಡ ರೀ.”

ಅಷ್ಟರಲ್ಲಿ ಗಾಲಿಕುರ್ಚಿಯಲ್ಲಿ ಬಂದ ತಾತನೊಬ್ಬರ ಕಾಲಿನ ಬೆಲ್ಟು ಚಕ್ರಕ್ಕೆ ಸಿಕ್ಕಿಕೊಂಡಿತು. ಬಿಡಿಸಲು ಮೇಡಂ ಬಗ್ಗಿದರು. ನಾನು ಕುಡಿದು ಮುಗಿಸಿದ ಕಾಫಿಯ ಕಾಗದದ ಲೋಟವನ್ನು ಬಾಯಿಗಿಟ್ಟೆ. ಲೋಟದೊಳಗೆ ಮಾತಾಡಿದರೆ ದನಿಗೆ ಮೈಕಿನ ಗುಂಗು ಬರುತ್ತದೆ.

“ಪ್ರಯಾಣಿಕರ ಗಮನಕ್ಕೆ. ಐದನೇ ಗುಂಪಿನವರು ದಯವಿಟ್ಟು ಮುಂದೆ ಬನ್ನಿ.”

ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಹೇಳುವುದು ನಾಚಿಕೆಗೇಡು, ಆದರೆ ನಿಜ.

ಐದು ಜನ ಮುನ್ನುಗ್ಗಿದರು. ಎಲ್ಲರಿಗಿಂತ ಹತ್ತಿರವಿದ್ದವರು ಹೂವಿನಾಕೆ. ಎಂಥ ಬೆಳಕು ಮುಖದಲ್ಲಿ! ಪಾಸು ಯಂತ್ರಕ್ಕೆ ಹಿಡಿದರು.

ಡುರ್ರ್.

ಹಿಂದಿನಿಂದ ಬಂದವರು ಅವರ ಬೆನ್ನಿಗೆ ಗುದ್ದಿದರು. ಡಬ್ಬಿ ಕೌಂಟರಿನ ಅಂಚಿಗೆ ತಾಗಿತು. ಡುರ್ರ್, ಡುರ್ರ್, ಡುರ್ರ್, ಡುರ್ರ್. ಎರಡನೇ ಗುಂಪು ಗೊಳ್ಳೆಂದು ನಕ್ಕಿತು.

“ನೀವೇ ಕರೆದ್ರಲ್ಲ ಮೇಡಂ?” ಹೂವಿನಾಕೆ ಕೇಳಿದರು.

“ನಾನು ಕರೆದಿಲ್ಲಮ್ಮ.”

“ಕೇಳಿಸ್ತು ಮೇಡಂ. ನೀವೇ ಅಲ್ವಾ ಮುಂಚೆ ಹೇಳಿದ್ದು, ಆ ಕಂಬದ ಹತ್ರ ನಿಂತಿರಿ, ನಾಲ್ಕು ಮುಗಿದ ತಕ್ಷಣ ನಿಮ್ಮನ್ನೇ ಮೊದಲು ಕರೀತೀನಿ, ಹೂವಿಗೆ ಒಂದು ಜಾಗ ನೋಡೋಣ ಅಂತ. ಅದಕ್ಕೇ ಕಾಯ್ತಾ ಇದ್ದೆ.”

ಸೂಪರ್‌ವೈಸರ್ ನೋಡುತ್ತಿದ್ದರು. ಉಳಿದ ನಾಲ್ವರೂ ನೋಡುತ್ತಿದ್ದರು. ಒಬ್ಬರಿಗೆ ಬಿಟ್ಟರೆ ನಾಲ್ವರೂ ಬಾಯಿ ತೆರೆಯುತ್ತಾರೆ. ಮೇಡಂ ಐದೂ ಪಾಸಿಗೆ ಗೀಟು ಎಳೆದರು. ಹೂವಿನಾಕೆಯ ಪಾಸಿಗೆ ಎಳೆಯುವಾಗ ಪೆನ್ನು ಸ್ವಲ್ಪ ತಡೆದು ಎಳೆಯಿತು.

ಅವರು ನುಗ್ಗಲು ನಿಂತವರಲ್ಲ. ಹೇಳಿದ ಜಾಗದಲ್ಲಿ ಹೇಳಿದ ಹಾಗೆ ನಿಂತಿದ್ದವರು. ಆ ಇಡೀ ಗೇಟಿನಲ್ಲಿ ಸರದಿ ತಪ್ಪಿ ಬಾಯಿ ತೆರೆದವನು ಒಬ್ಬನೇ.

“ಯಾರೋ ಕಿಡಿಗೇಡಿ ಕೂಗಿದ್ದು,” ಎಂದರು ಸಾಲಿನಲ್ಲಿ ಯಾರೋ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಲೋಟ ಮುಟ್ಟಿ ನೋಡಿಕೊಂಡೆ.

೪.

ಹೂವಿನಾಕೆ ಖಾಲಿ ಕುರ್ಚಿಯೊಂದರ ಮೇಲೆ ಡಬ್ಬಿ ಇಟ್ಟು, ಮುಂದೆ ಮಂಡಿಯೂರಿ ಮುಚ್ಚಳ ತೆಗೆದರು. ಮನೆಯವಳು ಸಾಲು ಬಿಟ್ಟು ಅಲ್ಲಿಗೆ ಹೋದಳು. ನಾನು ನಿಂತಲ್ಲಿಂದ ಕಿವಿ ಚಾಚಿದೆ.

“ಏನಾಯ್ತು ಅಕ್ಕಾ?”

“ಒಂದು ಮುಕ್ಕಾಗಿದೆ. ನೋಡಿ, ಈ ಎಸಳು. ಪರವಾಗಿಲ್ಲ, ರಿಪೇರಿಗೆ ಅಂತ ಸ್ವಲ್ಪ ಹಿಟ್ಟು, ಕುಂಚ ಇಟ್ಕೊಂಡಿದೀನಿ. ಆದ್ರೆ ನಾಳೆ ತಂಗಿ ಮದುವೆ, ಈಗ ಇದು ಕೆಳಗೆ ಹೋಗುತ್ತಲ್ಲ... ಒಂದಾದ್ರೆ ರಿಪೇರಿ, ಇಪ್ಪತ್ತಾರಕ್ಕೂ ಅಂದ್ರೆ ಎಲ್ಲಿಂದ ತರ್ಲಿ?”

“ತಂಗಿಗೆ ಫೋನ್ ಮಾಡಿ ಹೇಳಿ.”

“ಏನಂತ ಹೇಳೋದು? ಆರು ವರ್ಷ ಆದ್ಮೇಲೆ ಒಂದು ಕೇಳಿದ್ದಾಳೆ. ಫೋನ್ ಮಾಡಿ, ಪುಡಿಯಾಯ್ತು ಅನ್ನಲಾ?”

ಮನೆಯವಳು ಹಿಂದಿರುಗಿ ನನ್ನ ಪಕ್ಕ ನಿಂತಳು. ಬೈಯಲಿಲ್ಲ. ಬೈದಿದ್ದರೆ ಅವಳ ಬೈಗುಳವನ್ನೇ ಅವಳ ದನಿಯಲ್ಲಿ ತಿರುಗಿಸಿ ಹೇಳಿ ನಗಿಸಿ ಪಾರಾಗುತ್ತಿದ್ದೆ. ಇಪ್ಪತ್ತು ವರ್ಷದಿಂದ ನಮ್ಮ ಸಂಸಾರ ಸಾಗಿರುವುದೇ ಹಾಗೆ. ಅವಳು ನನ್ನ ಕೈಯಿಂದ ಲೋಟ ತೆಗೆದುಕೊಂಡು, ಮಡಿಸಿ, ತನ್ನ ಕೈಚೀಲಕ್ಕೆ ಹಾಕಿಕೊಂಡಳು.

“ಹೋಗಿ ರೀ,” ಎಂದಳು.

ಈ ಹಂತದಲ್ಲಿ, ಓದುಗರೇ, ಕಥೆಗೆ ಮೂರು ದಾರಿ ಕಂಡವು. ಮೂರನ್ನೂ ಬರೆದು ನೋಡಿದ್ದೇನೆ.

ಮೊದಲ ದಾರಿ: ನಾಯಕ ಫೋನು ಮಾಡಿ ವಿಮಾನ ಕಂಪನಿಯ ದೊಡ್ಡ ಅಧಿಕಾರಿಯ ಗಡಸು ದನಿಯಲ್ಲಿ ‘ಬಿಳಿ ಡಬ್ಬಿಯವರನ್ನು ಒಳಗೆ ಬಿಡಿ’ ಎನ್ನುತ್ತಾನೆ. ಚಪ್ಪಾಳೆ. ಬರೆದು ಮುಗಿಸುವ ಮುನ್ನವೇ ಮೇಡಂ ಪುಟದೊಳಗಿಂದ ತಲೆ ಎತ್ತಿದರು.

“ಸಾರ್, ಒಂದು ಸಲ ನಿಮ್ಮ ಬಾಯಿಂದ ಆಗಿದ್ದು ಸಾಲದಾ? ನಾನು ಹಾಗೆಲ್ಲ ಫೋನ್ ಕೇಳಿ ಗೇಟು ತೆಗೆಯೋಳಲ್ಲ.”

ಎರಡನೇ ದಾರಿ: ನಾಯಕ ಎಲ್ಲರೆದುರು ಕಣ್ಣೀರಿಡುತ್ತಾನೆ. (ನೀವು ಅತ್ತಿದ್ದನ್ನ ನಾನು ನೋಡಿರೋದು ಈರುಳ್ಳಿ ಹೆಚ್ಚುವಾಗ ಮಾತ್ರ. –ಮ.)

ಉಳಿದದ್ದು ನಡೆದದ್ದು.

ಸಾಲು ಬಿಟ್ಟು ಗೇಟಿನ ಕಡೆ ನಡೆದೆ. ಮುಂದಿದ್ದ ಇಪ್ಪತ್ತೆರಡು ಜನರನ್ನು ದಾಟಬೇಕಿತ್ತು.

“ಹಲೋ ಸಾರ್, ನಾವೇನು ಇಲ್ಲಿ ತೋರಣ ಕಟ್ಟೋಕೆ ನಿಂತಿದೀವಾ?”

“ಬಿಡ್ರಿ, ಇವರ ಸೀಟು ಓಡಿ ಹೋಗುತ್ತಂತೆ!”

ಬಾಯಿಂದ ತಾನಾಗಿ ಬಂತು: “ಒಂದು ನಿಮಿಷ, ಬರೀ ಕೇಳ್ತೀನಿ ಅಷ್ಟೆ.”

ಮೇಡಂ ಮುಂದೆ ನಿಂತು ಮೆಲ್ಲಗೆ ಹೇಳಿದೆ. “ಆ ಕೂಗು ನಂದು.”

“ಗೊತ್ತು.”

“ಹೇಗೆ?”

“ನಂಗೆ ಬೆಳಿಗ್ಗೆಯಿಂದ ನೆಗಡಿ. ನೀವು ನೆಗಡಿ ಇಲ್ಲದ ನನ್ನ ದನಿ ತೆಗೆದ್ರಿ. ಎದ್ದು ನೋಡಿದ್ರೆ ನಿಮ್ಮ ಮೂಗಿನ ಮೇಲೆ ಲೋಟ.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಿಮ್ಮನ್ನ ಪಕ್ಕಕ್ಕೆ ಕೂರಿಸ್ಬೇಕು, ದೂರು ಬರೀಬೇಕು, ವಿಮಾನ ತಡ ಆಗುತ್ತೆ. ಆಯಮ್ಮನ ಹೂವಿಗೆ ಅದರಿಂದ ಏನು ಬಂತು?” ಮೂಗೊರೆಸಿಕೊಂಡರು. “ಸಾರ್, ಗೂಡು ಎಷ್ಟು ತುಂಬುತ್ತೆ ಅನ್ನೋ ಲೆಕ್ಕ ನನ್ನದು. ನಿಮ್ಮಿಬ್ಬರ ಚೀಲ ಕೊಡಿ, ಕೆಳಗೆ ಹೋಗ್ಲಿ. ಆ ಡಬ್ಬಿಗೆ ನಾನು ಟ್ಯಾಗು ಕಟ್ಟಲ್ಲ. ಆದ್ರೆ ಅವರು ಹತ್ತೋದು ಕೊನೆಗೇ. ಗೀಟು ಗೀಟೇ. ಒಳಗೆ ಜಾಗ ಉಳಿಸೋದು ನಿಮ್ಮ ಪಾಡು.”

ಸೂಪರ್‌ವೈಸರ್ ಹತ್ತಿರ ಬಂದು, “ಏನದು? ಆ ಕೂಗಿಂದು ಏನಾದ್ರೂ ಗೊತ್ತಾಯ್ತಾ?” ಎಂದರು.

“ಗೊತ್ತಾಯ್ತು ಸಾರ್. ಸರಿ ಮಾಡಿಸ್ತಾ ಇದೀನಿ,” ಎಂದರು ಮೇಡಂ, ನನ್ನ ಚೀಲಕ್ಕೆ ಹಳದಿ ಟ್ಯಾಗು ಕಟ್ಟುತ್ತ.

ವಂದನೆ ಒಂದು: ಇವರಿಗೆ. ಮೇಡಂ, ನಿಮ್ಮ ದನಿಯನ್ನು ಕದ್ದವನು ನಾನು. ನೀವು ನನ್ನ ಮಾನ ಉಳಿಸಿದಿರಿ.

೫. (ಈ ಸಲ ಸರದಿ ಪ್ರಕಾರ.)

ಒಳಗೆ ನಮ್ಮದು ಹದಿನಾಲ್ಕನೇ ಸಾಲು. ಮೇಲಿನ ಗೂಡಿನಲ್ಲಿ ಒಂದು ಡಬ್ಬಿಯಷ್ಟು ಜಾಗವಿತ್ತು. ನಾನು ಎದ್ದು ನಿಂತು, ಗೂಡಿನ ಬಾಯಿಗೆ ತೋಳು ಅಡ್ಡ ಇಟ್ಟೆ. ನಾಲ್ಕನೇ ಗುಂಪು ಬಂತು.

“ಇಲ್ಲಿ ಯಾರದು?”

“ಬರ್ತಾರೆ.”

“ಯಾರು?”

“ಬರ್ತಿದಾರೆ.”

ಗಗನಸಖಿ ಬಂದಳು. ಅವಳದೂ ನ್ಯಾಯವೇ. “ಸಾರ್, ಗೂಡು ಯಾರ ಮನೆ ಅಟ್ಟನೂ ಅಲ್ಲ. ಕೂತ್ಕೊಳ್ಳಿ.” ಯಾರದೋ ಕೆಂಪು ಸೂಟ್‌ಕೇಸು ನನ್ನ ಕಣ್ಣೆದುರೇ ಒಳಗೆ ತೂರಿ, ಬಾಗಿಲು ಟಪ್ಪನೆ ಮುಚ್ಚಿತು. ಮನೆಯವಳು ಕಿಟಕಿಯ ಕಡೆ ನೋಡಿದಳು. ಮೂರು ದಾರಿಯಲ್ಲಿ ಆರಿಸಿಕೊಂಡ ದಾರಿಯೂ ಹೀಗೆ ಗೋಡೆಗೆ ಮುಟ್ಟಿತು.

ಕಟ್ಟಕಡೆಗೆ ಹೂವಿನಾಕೆ ಬಂದರು. ಡಬ್ಬಿಗೆ ಟ್ಯಾಗು ಇರಲಿಲ್ಲ. ಮೇಡಂ ಮಾತು ಉಳಿಸಿಕೊಂಡಿದ್ದರು. ಒಂದೊಂದೇ ಗೂಡು ನೋಡುತ್ತ ನಡೆದು ಬಂದರು. ಎಲ್ಲ ತುಂಬಿತ್ತು, ಎಲ್ಲ ಮುಚ್ಚಿತ್ತು.

“ಮೇಡಂ, ಮಡಿಲಲ್ಲಿ ಇಟ್ಕೊಳ್ಳೋ ಹಾಗಿಲ್ಲ,” ಎಂದಳು ಗಗನಸಖಿ. “ಕೆಳಗೆ ಕಳಿಸ್ಬೇಕಾಗುತ್ತೆ. ಬಾಗಿಲು ಮುಚ್ಚೋ ಹೊತ್ತಾಯ್ತು. ಕೊಡಿ.”

ಹೂವಿನಾಕೆ ಕೊಡಲಿಲ್ಲ. ಜಗಳವನ್ನೂ ಆಡಲಿಲ್ಲ. ಸುಮ್ಮನೆ ಹಿಡಿದು ನಿಂತರು. ನಾನು ಬಾಯಿ ತೆರೆದೆ. ಹೇಳಲು ನನ್ನದೇ ದನಿಯಲ್ಲಿ ಒಂದು ಮಾತೂ ಸಿಗಲಿಲ್ಲ.

ಹನ್ನೆರಡನೇ ಸಾಲಿನಿಂದ ಒಂದು ಮೊಣಕೈ ಎದ್ದಿತು.

“ಏನ್ರೀ ಅದು ಡಬ್ಬೀಲಿ?”

“ಸಕ್ಕರೆ ಹೂವು.”

“ಯಾರಿಗೆ?”

“ತಂಗಿ ಮದುವೆಗೆ.”

ಆ ಭಾರೀ ಆಳು ಎದ್ದು ತಮ್ಮ ತಲೆಯ ಮೇಲಿನ ಗೂಡು ತೆರೆದರು. ಅದರಲ್ಲಿ ಅವರ ಚೀಲ ಉದ್ದಕ್ಕೆ ಮಲಗಿತ್ತು, ಪಕ್ಕದಲ್ಲಿ ಕೋಟು ಕೈಕಾಲು ಚಾಚಿತ್ತು. ಇಬ್ಬರಿಗಾಗುವ ಜಾಗದಲ್ಲಿ ಒಬ್ಬರ ಸಂಸಾರ. ಚೀಲ ತೆಗೆದು ಕಾಲ ಕೆಳಗೆ ತುರುಕಿದರು. ಅದು ಅಲ್ಲಿ ಹಿಡಿಯುವಂಥದ್ದಲ್ಲ. ಮಂಡಿ ಗಲ್ಲಕ್ಕೆ ಬಂತು. ಕೋಟನ್ನು ಹೊದ್ದುಕೊಂಡರು.

“ಇಡಿ. ಮಟ್ಟವಾಗಿ ಇಡಿ. ಇಳಿಯೋವರೆಗೂ ಈ ಬಾಗಿಲು ಯಾರಾದ್ರೂ ಮುಟ್ಟಲಿ, ನೋಡ್ತೀನಿ.”

ಡಬ್ಬಿ ಒಳಗೆ ಹೋಯಿತು. ಹೂವಿನಾಕೆ ಕೈಮುಗಿದರು. ನಾನೂ, ಸಂಬಂಧವಿಲ್ಲದವನ ಹಾಗೆ, “ತುಂಬ ಉಪಕಾರ ಆಯ್ತು ಸಾರ್,” ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೀವು ಅಲ್ಲಿ ಸಾಲಲ್ಲಿ ನನ್ನ ನೋಡಿ ನಗ್ತಾ ಇದ್ರಲ್ಲ? ನಾನೂ ನಿಮ್ಮ ಹಾಗೆ ಮರ್ಯಾದೆಯಿಂದ ನಿಂತಿದ್ರೆ ಈ ಜಾಗ ಇರ್ತಿತ್ತೇನ್ರೀ?”



ಬರೆಯುವಾಗ ಅವರಿಗೆ ಒಂದು ದೊಡ್ಡ ಮನಸ್ಸಿನ ಕಾರಣ ಅಂಟಿಸಲು ನೋಡಿದೆ. ಕಾಲುನೋವು ಎಂದೆ. ಆಸ್ಪತ್ರೆಯಲ್ಲಿ ಯಾರೋ ಇದ್ದಾರೆ ಎಂದೆ. ಮೊಣಕೈ ಒಪ್ಪಲಿಲ್ಲ. “ಕಾರಣ ಗೀರಣ ಏನಿಲ್ಲ ಸ್ವಾಮಿ. ನಂಗೆ ಮುಂದೆ ನಿಂತೇ ಅಭ್ಯಾಸ. ಜಾಗ ಸಿಕ್ರೆ ಚಾಚ್ತೀನಿ. ಆಯಮ್ಮ ನಿಂತಿದ್ದು ನೋಡೋಕಾಗ್ಲಿಲ್ಲ, ಮಡಿಸ್ಕೊಂಡೆ. ಇಷ್ಟೇ ಬರ್ಕೊಳ್ಳಿ.” ಇಷ್ಟೇ ಬರೆದುಕೊಂಡಿದ್ದೇನೆ. ವಂದನೆ ಎರಡು: ಇವರಿಗೆ, ಇವರ ಎರಡೂ ಮೊಣಕೈಗೆ.

೬.

ವಿಮಾನ ಮೇಲೇರಿ ನೆಟ್ಟಗಾದ ಮೇಲೆ ಮನೆಯವಳು ಎದ್ದು ಹಿಂದೆ ಹೋದಳು. ಇಪ್ಪತ್ತೆರಡನೇ ಸಾಲಿನ ನಡುವಿನ ಸೀಟಿನಲ್ಲಿ ತಾನು ಕೂತು, ಹೂವಿನಾಕೆಯನ್ನು ನನ್ನ ಪಕ್ಕಕ್ಕೆ ಕಳಿಸಿದಳು. ಅವರ ಕೈಯಲ್ಲಿ ಆ ಮುಕ್ಕಾದ ಒಂದು ಹೂವಿತ್ತು. ಡಬ್ಬಿ ಒಳಗೆ ಹೋಗುವ ಮುನ್ನವೇ ತೆಗೆದಿಟ್ಟುಕೊಂಡಿದ್ದರು. ಎದುರು ಸೀಟಿನ ಬೆನ್ನಿಗಿದ್ದ ಊಟದ ಹಲಗೆ ಬಿಚ್ಚಿ, ಬಟಾಣಿಯಷ್ಟು ಹಿಟ್ಟು ನಾದಿ, ಎಸಳು ಲಟ್ಟಿಸತೊಡಗಿದರು. ಲಟ್ಟಣಿಗೆ ಇರಲಿಲ್ಲ. ಪೆನ್ನಿನ ಮೈಯಲ್ಲಿ ಲಟ್ಟಿಸಿದರು.

ಹೇಳಿದೆ. ಒಂದೂ ಬಿಡದೆ ಹೇಳಿದೆ: ಲೋಟ, ದನಿ, ಧರ್ಮಕೋಪ.

ಪೆನ್ನು ನಿಂತಿತು.

“ನೀವಾ?”

“ನಾನೇ.”

ನಾನು ಕಿಟಕಿಯ ಮೋಡ ನೋಡಿದೆ, ಅವರ ಮುಖ ನೋಡುವ ಧೈರ್ಯ ಇರಲಿಲ್ಲ.

ಅವರು ಪೆನ್ನು ಪಕ್ಕಕ್ಕಿಟ್ಟರು. “ಕೋಪ ಬಂದಿದೆ ನಂಗೆ. ಈಗ ಬೇಡ. ಕೋಪ ಮಾಡ್ಕೊಂಡ್ರೆ ಎಸಳು ನಿಲ್ಲಲ್ಲ. ಇದನ್ನ ಹಿಡ್ಕೊಳ್ಳಿ.”

ಹೂವಿನ ತಂತಿ ನನ್ನ ಬೆರಳಿಗೆ ಕೊಟ್ಟರು.

“ಅಲ್ಲಾಡಿಸ್ಬೇಡಿ. ನಾನು ಹೇಳೋವರೆಗೂ. ಉಸಿರು ಆ ಕಡೆ ಬಿಡಿ. ಮಾತಾಡ್ಬೇಡಿ.”

ಕುಂಚದ ತುದಿಯಲ್ಲಿ ನೀರು ತಾಗಿಸಿ, ಹೊಸ ಎಸಳನ್ನು ಹಳೆಯದರ ಜಾಗಕ್ಕೆ ಅಂಟಿಸಿ, ಬೆರಳ ಬೆನ್ನಿನಿಂದ ಒತ್ತಿದರು. ಅದು ಗಟ್ಟಿಯಾಗಲು ಇಪ್ಪತ್ತು ನಿಮಿಷ ಬೇಕಂತೆ. ಇಪ್ಪತ್ತು ನಿಮಿಷ ಹಿಡಿದೆ. ವಿಮಾನ ಎರಡು ಸಲ ಕುಲುಕಿತು; ಎರಡು ಸಲವೂ ಅವರು ತಮ್ಮ ಕೈಯನ್ನು ನನ್ನ ಕೈಯ ಕೆಳಗೆ ಹಿಡಿದರು, ಬಿದ್ದರೆ ಹಿಡಿಯಲು. ಹೂವಿಗಾಗಿ ಹಿಡಿದಿದ್ದು. ಆದರೂ ನನ್ನ ಕೈ ಅದರ ಮೇಲೆ ನಿಂತಿತ್ತು. ಹುಟ್ಟಿದಾಗಿನಿಂದ ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದಿಲ್ಲ. (ನಿಜ. –ಮ.)

ಗಟ್ಟಿಯಾದ ಮೇಲೆ ಬೆಳಕಿಗೆ ಹಿಡಿದು ತಿರುಗಿಸಿದರು. “ಹೊಸದು ಯಾವುದು ಅಂತ ಗೊತ್ತಾಗುತ್ತಾ?”

“ಇಲ್ಲ.”

“ನಂಗೆ ಗೊತ್ತಾಗುತ್ತೆ. ಪರವಾಗಿಲ್ಲ.” ಆಮೇಲೆ, ಹಿಟ್ಟಿನ ಪುಡಿ ಒರೆಸುತ್ತ, “ಕೋಪ ಇನ್ನೂ ಇದೆ. ಸ್ವಲ್ಪ ಕಡಿಮೆ ಆಗಿದೆ ಅಷ್ಟೆ,” ಎಂದರು.

ಅವರು ಕ್ಷಮಿಸಿದರೆಂದು ಬರೆದಿದ್ದೆ. ಅವರೇ ಬಂದು ಹೊಡೆದುಹಾಕಿದರು. ಮೂರನೇ ವಂದನೆ ಆ ‘ಸ್ವಲ್ಪ’ಕ್ಕೆ.

೭. (ಕೊನೆಯದಲ್ಲ.)

ಇಳಿಯುವಾಗ ನಾನು ಅವರ ಹಿಂದೆ ನಡೆದೆ, ಯಾರೂ ತಾಗದಂತೆ ಕೈ ಅಗಲಿಸಿಕೊಂಡು. ನಮ್ಮ ಚೀಲ ಕೆಳಗಿದ್ದುದರಿಂದ ನಾವು ಸಾಮಾನು ಹೊತ್ತು ಬರುವ ಬೆಲ್ಟಿನ ಮುಂದೆ ನಿಲ್ಲಬೇಕಾಯಿತು. ಅವರಿಗೆ ಕಾಯುವುದು ಏನೂ ಇರಲಿಲ್ಲ. ತಲೆಯಾಡಿಸಿ ಹೊರಟರು.

ಹೊರಗೆ ಹೋಗುವಲ್ಲಿ ತಾನಾಗಿ ಸರಿಯುವ ಮಂಜುಗಾಜಿನ ಬಾಗಿಲು. ಅದು ತೆರೆಯಿತು. ಆಚೆ, ಕಾಯುವ ಜನರಿಂದ ಸ್ವಲ್ಪ ಬೇರೆಯಾಗಿ ಒಬ್ಬಾಕೆ ನಿಂತಿದ್ದರು, ಕೈಕಟ್ಟಿಕೊಂಡು. ಗಲ್ಲ ಹೂವಿನಾಕೆಯದೇ. ಕೈ ಬೀಸಲಿಲ್ಲ. ಬಾಗಿಲು ಮುಚ್ಚಿತು.

ಯಾರೋ ಹೊರಗೆ ಹೋದರು, ಮತ್ತೆ ತೆರೆಯಿತು. ಇಬ್ಬರೂ ಎದುರುಬದುರು ನಿಂತಿದ್ದರು, ನಡುವೆ ಡಬ್ಬಿ. ಹಿಡಿದಿದ್ದವರು ಒಬ್ಬರೇ. ಮುಚ್ಚಿತು.

ಇಲ್ಲಿ ನಾನು ತಂಗಿಯ ಕೈಯನ್ನು ಮುಚ್ಚಳದ ಮೇಲೆ ಇಡಿಸಬಲ್ಲೆ. ಅಳಿಸಬಲ್ಲೆ, ನಗಿಸಬಲ್ಲೆ. ‘ಯಾಕೆ ಇಷ್ಟು ಸಣ್ಣ ಆಗಿದೀಯ?’ ಎಂದು ಕೇಳಿಸಬಲ್ಲೆ, ಅವರ ದನಿಯಲ್ಲೇ. ಎಲ್ಲವನ್ನೂ ಬರೆದೆ. ಎಲ್ಲವೂ ಚೆನ್ನಾಗಿದ್ದವು. ಹರಿದೆ.

“ಹತ್ತಿರ ಹೋಗಿ ನೋಡ್ಕೊಂಡು ಬನ್ನಿ ರೀ,” ಎಂದಳು ಮನೆಯವಳು. “ಎಂಟು ಹೆಜ್ಜೆ ಅಷ್ಟೆ. ಆಮೇಲೆ ಕಥೆಗೆ ಬೇಕು ಅಂತೀರ.”

ಒಂದು ಹೆಜ್ಜೆ ಇಟ್ಟೆ ಕೂಡ. ಅಲ್ಲಿ ಇಬ್ಬರು ನಿಂತಿದ್ದರು. ಆರು ವರ್ಷದಿಂದ ನಿಂತಿದ್ದ ಸಾಲು ಅದು, ಅವರಿಬ್ಬರದೇ. ಅದರಲ್ಲಿ ನನಗೆ ನಂಬರು ಕೊಟ್ಟಿರಲಿಲ್ಲ.

ಬೆಲ್ಟಿನ ಕಡೆ ತಿರುಗಿದೆ. ಅದು ಕಿರುಗುಟ್ಟಿ ಹೊರಟಿತು. ಬೆನ್ನ ಹಿಂದೆ ಬಾಗಿಲು ಸರಿದ ಸದ್ದಾಯಿತು, ಯಾರೋ ಏನೋ ಅಂದರು, ಇನ್ನೊಬ್ಬರು ಅದಕ್ಕೆ ಏನೋ ಅಂದರು. ಯಾರ ದನಿಯನ್ನಾದರೂ ಒಂದೇ ಸಲಕ್ಕೆ ಹಿಡಿಯುವ ನನ್ನ ಕಿವಿಯನ್ನು ಬೆಲ್ಟಿನ ಸದ್ದಿಗೆ ಕೊಟ್ಟೆ.

ಓದುಗರೇ, ಹಿಂದಿನಿಂದ ತಳ್ಳಬೇಡಿ. ನಾನೂ ತಿರುಗಿ ನೋಡಿಲ್ಲ.